ಮಾವನ ಪ್ಲೇಟ್‌ಲೆಟ್ ಏಕೆ ಏರಿತು? ಕಲಬುರಗಿಯ ಒಂದು ತರಗತಿಯ ಪ್ರಕರಣ ಅಧ್ಯಯನ

ಹಿನ್ನೆಲೆ

ಕಲಬುರಗಿಯ ಒಂದು ವಿಶ್ವವಿದ್ಯಾಲಯದಲ್ಲಿ ಜೈವಿಕ ವೈದ್ಯಕೀಯ ವಿಜ್ಞಾನ ಓದುವವರಿಗೆ ವಿಜ್ಞಾನ ಸಂವಹನ ಮತ್ತು ವಿಮರ್ಶಾತ್ಮಕ ಚಿಂತನೆ ಎಂಬ ಐಚ್ಛಿಕ ವಿಷಯವೊಂದಿದೆ. 2024ರ ಮಳೆಗಾಲದಲ್ಲಿ ಆ ತರಗತಿಯಲ್ಲಿ ಒಂದು ಕರಪತ್ರದ ಒಂದೇ ಒಂದು ಸಾಲಿನ ಬಗ್ಗೆ ಜಗಳ ಹುಟ್ಟಿತು. ಅದು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಲಿಸುತ್ತಿದ್ದವರಲ್ಲಿ ನಾನೂ ಒಬ್ಬ. ವಿದ್ಯಾರ್ಥಿಗಳ ಊರು, ಓಣಿ, ಸಂಬಂಧ ಇತ್ಯಾದಿಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ತೆಗೆದುಕೊಂಡ ತೀರ್ಮಾನಗಳನ್ನಾಗಲಿ ಅವು ಬಂದ ಕ್ರಮವನ್ನಾಗಲಿ ಬದಲಿಸಿಲ್ಲ.

ಆಳಂದ, ಸೇಡಂ, ಜೇವರ್ಗಿ, ಶಹಾಪುರ, ಹುಮನಾಬಾದ್ ಕಡೆಗಳಿಂದ ಬರುವ ಮಕ್ಕಳು ಇವರು. ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಕೆಲವರು ಉರ್ದು ಮಾಧ್ಯಮದವರು. ತಾಂಡಾಗಳಿಂದ ಬಂದವರ ಮನೆಮಾತು ಲಂಬಾಣಿ. ಪಿಯುಸಿಗೆ ಬಂದ ದಿನದಿಂದ ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿ. ಅಲ್ಲಿಂದ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ: ಇಂಗ್ಲಿಷಿನಲ್ಲಿ ಅಚ್ಚಾದದ್ದು ಪರೀಕ್ಷೆಗೆ ಬರುತ್ತದೆ, ಪರೀಕ್ಷೆಗೆ ಬರುವುದು ನಿಜವಾಗಿರುತ್ತದೆ. ಇದನ್ನು ಅವರ ದೌರ್ಬಲ್ಯ ಎನ್ನಲಾರೆ. ಆ ವ್ಯವಸ್ಥೆಯಲ್ಲಿ ತೇರ್ಗಡೆಯಾಗಲು ಅದಕ್ಕಿಂತ ಜಾಣತನದ ದಾರಿ ಇನ್ನೊಂದಿಲ್ಲ.

ಈ ವಿಷಯಕ್ಕೆ ಮೊದಲಿನಿಂದ ಇದ್ದ ಪಠ್ಯ ಬಹುಮಟ್ಟಿಗೆ ಮೌಢ್ಯ ವಿರೋಧದ ಪಠ್ಯ. ಅದಕ್ಕೆ ಕಾರಣವೂ ಇತ್ತು. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದಂದು ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ವಾಸಿಯಾಗುತ್ತದೆಂಬ ನಂಬಿಕೆಯಿಂದ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಸುದ್ದಿ ದೇಶವೆಲ್ಲ ಹರಡಿತ್ತು. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರಗಳ ವಿರುದ್ಧ 2017ರಲ್ಲಿ ರೂಪುಗೊಂಡ ರಾಜ್ಯದ ಕಾಯ್ದೆ ಜಾರಿಗೆ ಬಂದದ್ದು ಅದರ ಮರು ತಿಂಗಳು, 2020ರ ಜನವರಿಯಲ್ಲಿ. ಕೋವಿಡ್‌ನಿಂದ ದೇಶದಲ್ಲಿ ದಾಖಲಾದ ಮೊದಲ ಸಾವು ಕಲಬುರಗಿಯ ವೃದ್ಧರೊಬ್ಬರದು. ಅದು ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ. ಆಗ ಪ್ರೌಢಶಾಲೆಯಲ್ಲಿದ್ದ ಈ ಮಕ್ಕಳು ವದಂತಿ ಎಂದರೇನು ಎಂಬುದನ್ನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಹಾಗಾಗಿ ಗ್ರಹಣದ ಮೇಲೆ ಪ್ರಬಂಧ ಬರೆಯಲು ಹೇಳಿದರೆ ಪುಟ ತುಂಬುತ್ತಿತ್ತು. 1976ರಲ್ಲಿ ಸಂವಿಧಾನಕ್ಕೆ ಸೇರಿದ 51ಎ ವಿಧಿಯ ವೈಜ್ಞಾನಿಕ ಮನೋಭಾವದ ಕರ್ತವ್ಯ, ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಆಗಿನ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ತನಿಖೆಗೆ ರಚಿಸಿದ ಸಮಿತಿ ಎಲ್ಲವೂ ಉತ್ತರದಲ್ಲಿ ಬರುತ್ತಿದ್ದವು. ಅಂಕಗಳೂ ಬರುತ್ತಿದ್ದವು. ಆದರೆ ಮಗುವನ್ನು ಹೂಳುವುದು ಸರಿ ಎನ್ನುವವರು ಆ ಕೊಠಡಿಯಲ್ಲಿ ಒಬ್ಬರೂ ಇರಲಿಲ್ಲ. ತಾನು ನಂಬದೇ ಇರುವುದನ್ನು ಅನುಮಾನಿಸುವುದಕ್ಕೆ ಖರ್ಚೇನು? ಬೇರೆಯವರ ಮೌಢ್ಯವನ್ನು ಬಯಲಿಗೆಳೆಯುವ ಆ ಸುಲಭದ ಕೆಲಸಕ್ಕೆ ನಾವು ವಿಮರ್ಶಾತ್ಮಕ ಚಿಂತನೆ ಎಂಬ ದೊಡ್ಡ ಹೆಸರಿಟ್ಟಿದ್ದೆವು.

ಕರಪತ್ರ

ಆ ವರ್ಷ ರಾಜ್ಯದಲ್ಲಿ ಡೆಂಗಿ ಜೋರಾಗಿತ್ತು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿ, ಸೊಳ್ಳೆ ಹುಟ್ಟುವ ತಾಣಗಳನ್ನು ಉಳಿಸಿಕೊಂಡವರಿಗೆ ದಂಡ ವಿಧಿಸುವ ನಿಯಮ ತಂದಿತು. ನಮ್ಮ ತರಗತಿಗೆ ಕೊಟ್ಟ ಕೆಲಸ ಸರಳವಾದದ್ದು: ನಗರದ ಅಂಚಿನ ಒಂದು ಬಡಾವಣೆಗಾಗಿ ಕನ್ನಡದಲ್ಲಿ ಒಂದು ಪುಟದ ಡೆಂಗಿ ಕರಪತ್ರ ತಯಾರಿಸಬೇಕು. ಗುಂಪಿಗೊಂದು ಕರಪತ್ರ.

ಒಂದು ಗುಂಪಿನ ಕರಪತ್ರದಲ್ಲಿ ಈ ಸಾಲಿತ್ತು: ‘ಪಪ್ಪಾಯಿ ಎಲೆಯ ರಸ ಪ್ಲೇಟ್‌ಲೆಟ್ ಹೆಚ್ಚಿಸುತ್ತದೆ ಎಂದು ವಿಜ್ಞಾನಿಗಳು ಸಾಬೀತುಪಡಿಸಿದ್ದಾರೆ.’ ರಕ್ತ ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣಗಳೇ ಪ್ಲೇಟ್‌ಲೆಟ್, ಡೆಂಗಿಯಲ್ಲಿ ಅವುಗಳ ಸಂಖ್ಯೆ ಇಳಿಯುತ್ತದೆ. ಸಾಲನ್ನು ಬರೆದವಳು ಆಳಂದ ಕಡೆಯ ಹುಡುಗಿ. ಹಿಂದಿನ ವರ್ಷ ಅವಳ ಸೋದರಮಾವನಿಗೆ ಡೆಂಗಿಯಾಗಿತ್ತು, ಅಜ್ಜಿ ಎಲೆ ಅರೆದು ರಸ ಕುಡಿಸಿದ್ದಳು, ಪ್ಲೇಟ್‌ಲೆಟ್ ಏರಿತ್ತು, ಮಾವ ಗುಣವಾಗಿ ಮನೆಗೆ ಬಂದಿದ್ದ. ಅದರ ಜೊತೆಗೆ ಅವಳು ಅಂತರ್ಜಾಲದಲ್ಲಿ ಒಂದು ಸಂಶೋಧನಾ ಪ್ರಬಂಧವನ್ನೂ ಹುಡುಕಿಟ್ಟುಕೊಂಡಿದ್ದಳು.

ತರಗತಿ ಎರಡು ಪಾಲಾಯಿತು. ಅರ್ಧದಷ್ಟು ಮಂದಿ ‘ಇದು ಮನೆಮದ್ದು, ಮೌಢ್ಯ, ತೆಗೆದುಹಾಕಬೇಕು’ ಎಂದರು. ಉಳಿದವರು ‘ಪ್ರಬಂಧ ಪ್ರಕಟವಾಗಿದೆಯಲ್ಲ’ ಎಂದರು. ಯಾವುದಾದರೂ ಪ್ರಬಂಧ ಓದಿದ್ದೀರಾ ಎಂದು ಕೇಳಿದರೆ ಮೊದಲ ಪಾಲಿನವರಲ್ಲಿ ಯಾರೂ ಓದಿರಲಿಲ್ಲ. ಎರಡನೆಯ ಪಾಲಿನಲ್ಲಿ ಆ ಹುಡುಗಿ ಸಾರಾಂಶವನ್ನು ಓದಿದ್ದಳು. ನನ್ನ ಮಟ್ಟಿಗೆ, ಆ ದಿನ ಕೊಠಡಿಯಲ್ಲಿದ್ದವರ ಪೈಕಿ ಪುರಾವೆ ಎಂಬ ಪದಾರ್ಥಕ್ಕೆ ಅತ್ಯಂತ ಹತ್ತಿರವಿದ್ದವಳು ಅವಳೇ. ಅವಳನ್ನು ಮೌಢ್ಯವೆಂದು ಹಳಿಯುತ್ತಿದ್ದವರು ಗ್ರಹಣದ ಪ್ರಬಂಧದಲ್ಲಿ ಹೆಚ್ಚು ಅಂಕ ಪಡೆದವರು.

ಇಲ್ಲಿ ಮೊದಲ ತೀರ್ಮಾನ ಎದುರಾಯಿತು. ಜೊತೆಯ ಅಧ್ಯಾಪಕರೊಬ್ಬರು ಆ ಗುಂಪಿಗೆ ಸೊನ್ನೆ ಕೊಡಬೇಕೆಂದರು. ಆರೋಗ್ಯದ ವಿಷಯದಲ್ಲಿ ತಪ್ಪು ಮಾಹಿತಿ ಹೊರಗೆ ಹೋಗಬಾರದು ಎಂಬ ಅವರ ವಾದದಲ್ಲಿ ಹುರುಳಿತ್ತು. ನಾವು ಕೊನೆಗೆ ಒಪ್ಪಿಕೊಂಡದ್ದು ಹೀಗೆ: ಯಾವ ಕರಪತ್ರವೂ ಸದ್ಯಕ್ಕೆ ಮುದ್ರಣವಾಗುವುದಿಲ್ಲ, ಯಾರಿಗೂ ಅಂಕ ಇಲ್ಲ, ಈ ಒಂದು ಸಾಲು ನಿಲ್ಲುತ್ತದೆಯೋ ಇಲ್ಲವೋ ಎಂಬುದನ್ನು ತರಗತಿಯೇ ತೀರ್ಮಾನಿಸಲಿ. ಸೊನ್ನೆ ಕೊಟ್ಟಿದ್ದರೆ ಆ ಹುಡುಗಿ ಸಾಲನ್ನು ಮರುಮಾತಿಲ್ಲದೆ ಅಳಿಸುತ್ತಿದ್ದಳು, ಮನೆಗೆ ಹೋಗಿ ಅಜ್ಜಿಯ ಪಕ್ಕದಲ್ಲಿ ಕುಳಿತು ಎಲೆ ಅರೆಯುತ್ತಿದ್ದಳು.

ಪಿರಮಿಡ್ ಕೈಕೊಟ್ಟದ್ದು

ಮೊದಲು ಪುರಾವೆಗಳ ಶ್ರೇಣಿಯ ಪಾಠವಾಯಿತು. ಪಿರಮಿಡ್ ಚಿತ್ರ ಎಲ್ಲರಿಗೂ ಗೊತ್ತಿರುವಂಥದ್ದೇ: ತಳದಲ್ಲಿ ಒಬ್ಬ ರೋಗಿಯ ಅನುಭವ, ಮೇಲಕ್ಕೆ ಹೋದಂತೆ ಗುಂಪುಗಳ ಅಧ್ಯಯನ, ಅದರ ಮೇಲೆ ಚೀಟಿ ಎತ್ತಿದಂತೆ ರೋಗಿಗಳನ್ನು ಗುಂಪುಗಳಿಗೆ ಹಂಚುವ ಯಾದೃಚ್ಛಿಕ ಪ್ರಯೋಗ, ತುದಿಯಲ್ಲಿ ಅಂಥ ಪ್ರಯೋಗಗಳ ಒಟ್ಟು ಪರಿಶೀಲನೆ. ಮಕ್ಕಳು ಬಣ್ಣದ ಪೆನ್ನುಗಳಲ್ಲಿ ಅಂದವಾಗಿ ಬರೆದುಕೊಂಡರು. ಪಾಠ ಮುಗಿದ ಮೇಲೆ ಆಳಂದದ ಹುಡುಗಿ ಎದ್ದು ನಿಂತು, ‘ನಾನು ತಂದಿರುವುದೂ ಯಾದೃಚ್ಛಿಕ ಪ್ರಯೋಗವೇ’ ಎಂದಳು. ಅವಳು ಹೇಳಿದ್ದು ನಿಜವಾಗಿತ್ತು. ಪಿರಮಿಡ್ ಅವಳ ಪಕ್ಷಕ್ಕೆ ಹೋಯಿತು. ಮೌಢ್ಯವೆಂದು ಕೂಗಿದವರು ತಲೆ ತಗ್ಗಿಸಿದರು.

ಯಾವುದು ಮೇಲು ಎಂಬ ಪಟ್ಟಿ ಕೊಟ್ಟರೆ ಯೋಚನೆ ಬರುವುದಿಲ್ಲ, ಇನ್ನೊಂದು ಅಧಿಕಾರ ಸ್ಥಾನ ಬರುತ್ತದೆ. ಮುಂದಿನ ಪಾಠಗಳಲ್ಲಿ ನಾವು ಪಿರಮಿಡ್ಡನ್ನು ಪಕ್ಕಕ್ಕಿಟ್ಟು ಅವಳ ಪ್ರಬಂಧವನ್ನೇ ಸಾಲು ಸಾಲಾಗಿ ಓದಿದೆವು.

ಅದು ಮಲೇಷ್ಯಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗ. 228 ರೋಗಿಗಳು, ಸರಿಸುಮಾರು ಅರ್ಧದಷ್ಟು ಮಂದಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಮೂರು ದಿನ ಎಲೆರಸ, ಉಳಿದವರಿಗೆ ಎಂದಿನ ಚಿಕಿತ್ಸೆ ಮಾತ್ರ. ರಸ ಕುಡಿದವರಲ್ಲಿ ಪ್ಲೇಟ್‌ಲೆಟ್ ಹೆಚ್ಚು ಏರಿತ್ತು. ತಳ್ಳಿಹಾಕುವಂಥ ಕೆಲಸವಲ್ಲ ಅದು. ಆದರೆ ಓದುತ್ತಾ ಹೋದಂತೆ ಮಕ್ಕಳೇ ಕೇಳತೊಡಗಿದರು. ಯಾರಿಗೆ ರಸ ಸಿಕ್ಕಿದೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿತ್ತಲ್ಲ? ರಸದಂತೆಯೇ ಕಾಣುವ, ಆದರೆ ರಸವಲ್ಲದ ಹುಸಿಮದ್ದನ್ನು ಎರಡನೆಯ ಗುಂಪಿಗೆ ಕೊಡಲಿಲ್ಲವಲ್ಲ? ಕೊನೆಗೆ ಸೇಡಂನ ಹುಡುಗನೊಬ್ಬ ಕೇಳಿದ್ದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ: ‘ಪ್ಲೇಟ್‌ಲೆಟ್ ಏರಿದ್ದರಿಂದ ರಕ್ತಸ್ರಾವ ಕಡಿಮೆಯಾಯಿತೇ? ಸಾಯುವವರು ಉಳಿದರೇ?’ ಆ ಪ್ರಯೋಗ ಅಳೆದದ್ದು ಪ್ಲೇಟ್‌ಲೆಟ್ ಸಂಖ್ಯೆಯನ್ನು. ಅದರಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಅಲ್ಲಿಂದ ಮುಂದೆ ಎರಡು ಹಳೆಯ ಸಂಗತಿಗಳನ್ನು ಎತ್ತಿಕೊಂಡೆವು. ಹೃದಯಾಘಾತವಾದವರಲ್ಲಿ ಬಡಿತದ ಏರುಪೇರನ್ನು ತಗ್ಗಿಸುವ ಔಷಧಿಗಳು ಪ್ರಾಣ ಉಳಿಸುತ್ತವೆ ಎಂದು ಒಂದು ಕಾಲಕ್ಕೆ ನಂಬಲಾಗಿತ್ತು. ಅದನ್ನು ಪರೀಕ್ಷಿಸಲು ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಿಗಳು ಏರುಪೇರನ್ನು ತಗ್ಗಿಸಿದವು, ಸಾವುಗಳನ್ನು ಹೆಚ್ಚಿಸಿದವು. 1989ರಲ್ಲಿ ಆ ಭಾಗವನ್ನು ನಿಲ್ಲಿಸಬೇಕಾಯಿತು. ಎರಡನೆಯದು ಡೆಂಗಿಯದೇ. ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ, ಪ್ಲೇಟ್‌ಲೆಟ್ 20 ಸಾವಿರ ಅಥವಾ ಅದಕ್ಕಿಂತ ಕೆಳಗಿಳಿದ ವಯಸ್ಕ ರೋಗಿಗಳಿಗೆ ಮುನ್ನೆಚ್ಚರಿಕೆಯಾಗಿ ಪ್ಲೇಟ್‌ಲೆಟ್ಟನ್ನೇ ನರದ ಮೂಲಕ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮಗಳು ಹೆಚ್ಚಾದವು. ಎಲೆರಸವಿರಲಿ, ಪ್ಲೇಟ್‌ಲೆಟ್ಟನ್ನೇ ನೇರವಾಗಿ ನರಕ್ಕೆ ಸುರಿದರೂ ಆಗದ ಕೆಲಸ ಅದು. ಡೆಂಗಿಯಲ್ಲಿ ಪ್ರಾಣ ತೆಗೆಯುವುದು ಮುಖ್ಯವಾಗಿ ರಕ್ತನಾಳಗಳಿಂದ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ, ಸೋರಿ ರಕ್ತದೊತ್ತಡ ಕುಸಿಯುವ ಆಘಾತ.

‘ಹಾಗಾದರೆ ಲ್ಯಾಬ್‌ನಲ್ಲಿ ದಿನಕ್ಕೆರಡು ಸಲ ಪ್ಲೇಟ್‌ಲೆಟ್ ಎಣಿಸುವುದೇಕೆ?’ ಎಂದು ಒಬ್ಬಳು ಸಿಟ್ಟಿನಿಂದಲೇ ಕೇಳಿದಳು. ಪ್ಲೇಟ್‌ಲೆಟ್ ಇಳಿಯುತ್ತಿರುವಾಗ ಹಿಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಏರುತ್ತಿದ್ದರೆ ಪ್ಲಾಸ್ಮಾ ಸೋರುತ್ತಿದೆ ಎಂಬ ಸುಳಿವು ಸಿಗುತ್ತದೆ. ಅದು ರೋಗ ಎತ್ತ ಸಾಗುತ್ತಿದೆ ಎಂದು ತಿಳಿಸುವ ಗುರುತು, ಗುರಿಯಲ್ಲ. ಇದನ್ನು ತರಗತಿ ಒಪ್ಪಿತು. ಆಳಂದದ ಹುಡುಗಿಯೂ ಟಿಪ್ಪಣಿ ಮಾಡಿಕೊಂಡಳು. ಆಮೇಲೆ ಪುಸ್ತಕ ಮುಚ್ಚಿ ಹೇಳಿದಳು: ‘ಎಲ್ಲ ಸರಿ ಸರ್. ಆದರೆ ನಮ್ಮ ಮಾವನಿಗೆ ಏರಿತಲ್ಲ.’

ಆ ಮಾತಿಗೆ ಪ್ರಬಂಧದಲ್ಲಿ ಉತ್ತರವಿರಲಿಲ್ಲ. ಮಲೇಷ್ಯಾದ 228 ಮಂದಿಗಿಂತ ಒಬ್ಬ ಮಾವ ದೊಡ್ಡವನು. ಅದನ್ನು ಅವಿವೇಕ ಎಂದು ನಗುವವರು ತಮ್ಮ ಮನೆಯಲ್ಲಿ ಜ್ವರ ಬಂದಾಗ ಏನು ಮಾಡುತ್ತಾರೆಂದು ನೋಡಬೇಕು.

ಒಂದೇ ಕೊಳವೆ, ಬೇರೆ ಬೇರೆ ಸಂಖ್ಯೆ

ದಾರಿ ತೋರಿಸಿದವರು ಪ್ರಯೋಗಾಲಯದ ಹಿರಿಯ ತಂತ್ರಜ್ಞರು. ಈ ಗಲಾಟೆಯನ್ನು ದೂರದಿಂದ ಕೇಳಿಸಿಕೊಂಡಿದ್ದ ಅವರು, ‘ಪ್ಲೇಟ್‌ಲೆಟ್ ಏರಿತು ಏರಿತು ಎನ್ನುತ್ತಾರಲ್ಲ, ಏರಿತೆಂದು ಹೇಳಿದ್ದು ಯಾರು? ಯಂತ್ರ. ಯಂತ್ರವನ್ನು ಕೇಳಿದ್ದಾರೆಯೇ?’ ಎಂದರು. ವಿದ್ಯಾರ್ಥಿಗಳಿಗೆ ದಿನವೂ ಕಾಣುವ ಯಂತ್ರ ಅದು. ಅದರ ಮೇಲೆ ಒಮ್ಮೆಯೂ ಅನುಮಾನ ಬಂದಿರಲಿಲ್ಲ.

ಸ್ವಯಂಪ್ರೇರಿತರಾಗಿ ಬಂದ ಒಬ್ಬರ ರಕ್ತವನ್ನು, ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಎಂಬ ರಾಸಾಯನಿಕವಿರುವ ಕೊಳವೆಗೆ ತೆಗೆದು, ಅದೇ ಕೊಳವೆಯನ್ನು ಕೋಶ ಎಣಿಕೆಯ ಯಂತ್ರಕ್ಕೆ ಮತ್ತೆ ಮತ್ತೆ ಕೊಡಲಾಯಿತು. ಪ್ರತಿ ಸಲವೂ ಪ್ಲೇಟ್‌ಲೆಟ್ ಸಂಖ್ಯೆ ಬೇರೆ ಬಂತು. ನಂತರ ಗುಣಮಟ್ಟ ನಿಯಂತ್ರಣಕ್ಕೆಂದು ಲ್ಯಾಬ್‌ನಲ್ಲಿ ಇಟ್ಟಿರುವ, ಪ್ಲೇಟ್‌ಲೆಟ್ ಕಡಿಮೆ ಮಟ್ಟದಲ್ಲಿರುವ ಮಾದರಿಯನ್ನು ಕೊಟ್ಟರು. ಅಲ್ಲಿ ಏರಿಳಿತದ ಪ್ರಮಾಣ ಇನ್ನೂ ಹೆಚ್ಚು. ಎಣಿಸುವ ಕಣಗಳು ಕಡಿಮೆಯಾದಷ್ಟೂ ಎಣಿಕೆಯ ಅನಿಶ್ಚಿತತೆ ಬೆಳೆಯುತ್ತದೆ. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಡೆಂಗಿ ರೋಗಿಯ ಮನೆಯವರು ಉಸಿರು ಬಿಗಿಹಿಡಿದು ಕಾಯುವುದು ಕೆಲವೇ ಸಾವಿರಗಳ ಏರಿಕೆಗಾಗಿ. ಯಂತ್ರ ಅತ್ಯಂತ ನಡುಗುವುದೂ ಅಲ್ಲಿಯೇ.

ಕೊಠಡಿಯಲ್ಲಿ ಸದ್ದಡಗಿತು. ತೊಗರಿ ಬೆಳೆಯುವ ಮನೆಯಿಂದ ಬಂದ ಹುಡುಗನೊಬ್ಬ ಮೊದಲು ಬಾಯಿಬಿಟ್ಟ. ಮಾರುಕಟ್ಟೆಯಲ್ಲಿ ಅದೇ ಚೀಲವನ್ನು ಅದೇ ತಕ್ಕಡಿಗೆ ಎರಡನೆಯ ಸಲ ಇಟ್ಟಾಗ ಮುಳ್ಳು ತುಸು ಆಚೀಚೆ ನಿಂತರೆ ತೊಗರಿ ಬೆಳೆಯಿತು ಎನ್ನುತ್ತೇವೆಯೇ ಎಂದು ಕೇಳಿದ. ಪುರಾವೆಗಳ ಪಿರಮಿಡ್ ಒಂದು ವಾರದಲ್ಲಿ ಮಾಡಲಾಗದ ಕೆಲಸವನ್ನು ಅವನ ತಕ್ಕಡಿ ಮಾಡಿತು.

ತಂತ್ರಜ್ಞರು ಅಷ್ಟಕ್ಕೆ ಬಿಡಲಿಲ್ಲ. ಗಾಜಿನ ಪಟ್ಟಿಯ ಮೇಲೆ ರಕ್ತದ ಲೇಪ ಮಾಡಿಸಿ, ಎಣ್ಣೆ ಹಾಕಿದ ನೂರುಪಟ್ಟಿನ ಮಸೂರದ ಕೆಳಗೆ ಪ್ಲೇಟ್‌ಲೆಟ್‌ಗಳನ್ನು ಕಣ್ಣಿನಿಂದ ಎಣಿಸಲು ಹೇಳಿದರು. ಒಂದು ನೋಟದಲ್ಲಿ ಸರಾಸರಿ ಎಷ್ಟು ಕಾಣುತ್ತವೆಯೋ ಅದನ್ನು 15 ಸಾವಿರದಿಂದ ಗುಣಿಸಿದರೆ ಸುಮಾರು ಲೆಕ್ಕ ಸಿಗುತ್ತದೆ. ಹಿಂದೆ ಜೋಪಾನವಾಗಿ ತೆಗೆದಿಟ್ಟಿದ್ದ ಒಂದು ಪಟ್ಟಿಯನ್ನೂ ತೋರಿಸಿದರು. ಅದರಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದವು. ಕೆಲವರ ರಕ್ತದಲ್ಲಿ ಇಡಿಟಿಎ ಕಾರಣದಿಂದಲೇ ಹೀಗಾಗುತ್ತದೆ. ಯಂತ್ರ ಆ ಮುದ್ದೆಯನ್ನು ಪ್ಲೇಟ್‌ಲೆಟ್ ಎಂದು ಗುರುತಿಸದೆ ಸಂಖ್ಯೆಯನ್ನು ಕೆಳಗೆ ತೋರಿಸುತ್ತದೆ. ಹೆಪ್ಪು ತಡೆಯುವ ಇನ್ನೊಂದು ರಾಸಾಯನಿಕವಾದ ಸಿಟ್ರೇಟ್ ಇರುವ ಕೊಳವೆಯಲ್ಲಿ ಮತ್ತೆ ರಕ್ತ ತೆಗೆದು, ದ್ರವ ಬೆರೆತ ಪ್ರಮಾಣಕ್ಕಾಗಿ 1.1ರಿಂದ ಗುಣಿಸಿದರೆ ನಿಜ ತಿಳಿಯುತ್ತದೆ. ತದ್ವಿರುದ್ಧವೂ ಉಂಟು. ಕಬ್ಬಿಣಾಂಶದ ಕೊರತೆಯಿಂದ ಕೆಂಪು ಕಣಗಳು ಕಿರಿದಾದವರಲ್ಲಿ, ಗಾತ್ರ ನೋಡಿ ಎಣಿಸುವ ಯಂತ್ರ ಆ ಕೆಂಪು ಕಣಗಳನ್ನೇ ಪ್ಲೇಟ್‌ಲೆಟ್ ಎಂದು ಸೇರಿಸಿಬಿಡಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆಯಿದೆ. ಈ ಮಾತು ನಮ್ಮ ಹೆಣ್ಣುಮಕ್ಕಳಿಗೆ ಇನ್ನೆಲ್ಲಿಯದೋ ಕಥೆಯಾಗಿರಲಿಲ್ಲ.

ಆ ಮೇಲೆ ಆಳಂದದ ಹುಡುಗಿ ತಾನಾಗಿಯೇ ಮಾವನ ವರದಿಗಳನ್ನು ತರುವುದಾಗಿ ಹೇಳಿದಳು. ಇದು ಎರಡನೆಯ ತೀರ್ಮಾನದ ಗಳಿಗೆ. ಮನೆಯವರದ್ದಾದರೂ ಅದು ರೋಗಿಯ ದಾಖಲೆ. ಮಾವನ ಒಪ್ಪಿಗೆ ಪಡೆದು, ಹೆಸರು, ಆಸ್ಪತ್ರೆ, ನೋಂದಣಿ ಸಂಖ್ಯೆಗಳನ್ನು ಕತ್ತರಿಸಿದ ಪ್ರತಿಯನ್ನು ಮಾತ್ರ ತರಬೇಕೆಂದೂ, ಅದರ ಚಿತ್ರವನ್ನು ಯಾರೂ ಮೊಬೈಲ್‌ನಲ್ಲಿ ತೆಗೆಯಬಾರದೆಂದೂ ನಿಯಮ ಮಾಡಿದೆವು. ಸಂವಹನ ಕಲಿಸುವ ತರಗತಿಯಲ್ಲಿ ಏನನ್ನು ಹೇಳಬಾರದು ಎಂಬುದಕ್ಕೆ ಪ್ರತ್ಯೇಕ ಪಾಠ ಬೇಕಾಗಲಿಲ್ಲ.

ಅವಳು ಗ್ರಾಫ್ ಹಾಳೆಯ ಮೇಲೆ ಅಡ್ಡಕ್ಕೆ ಜ್ವರದ ದಿನಗಳನ್ನೂ ಉದ್ದಕ್ಕೆ ಪ್ಲೇಟ್‌ಲೆಟ್ಟನ್ನೂ ಗುರುತಿಸಿದಳು. ಅಜ್ಜಿಗೆ ಫೋನ್ ಮಾಡಿ ರಸ ಕುಡಿಸಲು ಶುರು ಮಾಡಿದ ದಿನವನ್ನು ಕೇಳಿಕೊಂಡಳು. ಗೆರೆ ಕೆಳಗಿಳಿದು ತಳ ಮುಟ್ಟಿದ ಹೊತ್ತಿಗೆ ರಸ ಶುರುವಾಗಿತ್ತು, ಅಲ್ಲಿಂದ ಮೇಲಕ್ಕೆ. ಡೆಂಗಿಯ ಸಹಜ ಗತಿಯೂ ಅದೇ: ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ ಜ್ವರ ಬಿಡುವ ಹೊತ್ತಿಗೆ ಪ್ಲೇಟ್‌ಲೆಟ್ ಕುಸಿಯುತ್ತದೆ, ಚೇತರಿಕೆಯ ಹಂತದಲ್ಲಿ ತಾನಾಗಿ ಏರುತ್ತದೆ. ಸಂಖ್ಯೆ ತೀರಾ ಇಳಿದಾಗಲೇ ಮನೆಯವರು ಗಾಬರಿಯಾಗಿ ಎಲೆ ಹುಡುಕುವುದು. ಅಷ್ಟರಲ್ಲಿ ಏರುವ ಕಾಲ ಬಂದಿರುತ್ತದೆ. ಆ ದಿನ ಅಜ್ಜಿ ಕುಡಿಸಿದ್ದು ಬೆಲ್ಲದ ಪಾನಕವಾಗಿದ್ದರೂ ಗೆರೆ ಹೆಚ್ಚುಕಡಿಮೆ ಹೀಗೆಯೇ ಇರಬಹುದಿತ್ತು.

ಅವಳು ಬಹಳ ಹೊತ್ತು ಹಾಳೆಯನ್ನೇ ನೋಡಿದಳು. ‘ಹಾಗಾದರೆ ಅಜ್ಜಿ ಹೇಳಿದ್ದು ಸುಳ್ಳೇ?’ ಎಂದಳು.

ತರಗತಿಯ ತಿರುವು ಈ ಪ್ರಶ್ನೆಯಲ್ಲಿತ್ತು ಎಂದು ನಾನು ಈಗಲೂ ಭಾವಿಸುತ್ತೇನೆ. ಹೌದು ಎಂದಿದ್ದರೆ ಅವಳನ್ನು ಕಳೆದುಕೊಳ್ಳುತ್ತಿದ್ದೆವು. ಅಲ್ಲ ಎಂದಿದ್ದರೆ ಅದುವರೆಗಿನ ಶ್ರಮ ವ್ಯರ್ಥ. ಉತ್ತರವನ್ನು ಅಧ್ಯಾಪಕರು ಕೊಡುವುದು ಬೇಡವೆಂದು ಸುಮ್ಮನಿದ್ದೆವು. ತರಗತಿಯಲ್ಲಿ ಆದ ಚರ್ಚೆಯಿಂದ ಹೊರಬಂದದ್ದು ಇಷ್ಟು: ಅಜ್ಜಿ ಕಂಡದ್ದು ನಿಜ, ರಸ ಕುಡಿಸಿದ್ದು ನಿಜ, ಪ್ಲೇಟ್‌ಲೆಟ್ ಏರಿದ್ದೂ ನಿಜ, ರಸದಿಂದಲೇ ಏರಿತು ಎಂಬ ಕೊಂಡಿ ಮಾತ್ರ ಯಾರೂ ಕಂಡದ್ದಲ್ಲ, ಸೇರಿಸಿಕೊಂಡದ್ದು. ಮಲೇಷ್ಯಾದ ಸಂಶೋಧಕರು ಎರಡನೆಯ ಗುಂಪನ್ನು ಇಟ್ಟುಕೊಂಡದ್ದು ಇದೇ ಕೊಂಡಿಯನ್ನು ಪರೀಕ್ಷಿಸಲು ಎಂಬುದು ಆಗ ಅವಳಿಗೆ ಹೊಳೆಯಿತು. ಪ್ರಬಂಧವನ್ನು ಅವಳು ನಿಜವಾಗಿ ಓದಿದ್ದು ಆ ವಾರ.

ಓಣಿಯಲ್ಲಿ

ಕರಪತ್ರದ ಹೊಸ ಕರಡುಗಳನ್ನು ಹಿಡಿದುಕೊಂಡು ವಿದ್ಯಾರ್ಥಿಗಳು ಬಡಾವಣೆಗೆ ಹೋದರು. ಮುದ್ರಿಸುವ ಮೊದಲು ಓದಿ ತೋರಿಸುವುದು ಎಂಬ ಷರತ್ತು ನಮ್ಮದು. ಅಲ್ಲಿನ ಆಶಾ ಕಾರ್ಯಕರ್ತೆ ಮನೆಮನೆಗೆ ಕರೆದೊಯ್ದರು. ಪ್ಲೇಟ್‌ಲೆಟ್ ವಿಚಾರದಲ್ಲಿ ಎಷ್ಟೊಂದು ಕಲಿತಿದ್ದ ಹುಡುಗರು ಕರಪತ್ರದ ಇನ್ನೊಂದು ಸಾಲಿನಲ್ಲಿ ಎಡವಿದರು. ಅದು ಯಾರೂ ಪ್ರಶ್ನಿಸದೇ ಬಿಟ್ಟಿದ್ದ, ಎಲ್ಲ ಗುಂಪುಗಳ ಕರಪತ್ರದಲ್ಲೂ ಇದ್ದ ಸಾಲು: ‘ವಾರಕ್ಕೊಮ್ಮೆ ಎಲ್ಲ ಪಾತ್ರೆಗಳ ನೀರನ್ನು ಖಾಲಿ ಮಾಡಿ ಒಣಗಿಸಿ.’

ಆ ಓಣಿಯಲ್ಲಿ ನಲ್ಲಿಗೆ ನೀರು ಬರುವುದು ಹಲವು ದಿನಗಳಿಗೊಮ್ಮೆ. ಅಂಗಳದಲ್ಲಿ ಡ್ರಮ್ಮು, ಬಚ್ಚಲಲ್ಲಿ ಸಿಮೆಂಟಿನ ತೊಟ್ಟಿ, ಅಡುಗೆಮನೆಯಲ್ಲಿ ಕೊಡಗಳ ಸಾಲು. ‘ಚೆಲ್ಲಿ ಒಣಗಿಸಿದರೆ ಮರುದಿನ ನೀವು ತಂದುಕೊಡುತ್ತೀರಾ?’ ಎಂದು ಮನೆಯಾಕೆಯೊಬ್ಬರು ಕೇಳಿದರು. ಅದು ವ್ಯಂಗ್ಯವಾಗಿರಲಿಲ್ಲ, ಟ್ಯಾಂಕರ್ ಏನಾದರೂ ಬರುತ್ತದೆಯೋ ಎಂದು ತಿಳಿದುಕೊಳ್ಳುವ ಪ್ರಶ್ನೆಯಾಗಿತ್ತು.

ಜನರಿಗೆ ತಿಳಿವಳಿಕೆಯ ಕೊರತೆಯಿದೆ, ಅದನ್ನು ತುಂಬಿದರೆ ಸಾಕು ಎಂಬ ನಂಬಿಕೆ ವಿಜ್ಞಾನ ಸಂವಹನದ ಹಳೆಯ ಜಾಡು. 1985ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಸಂಸ್ಥೆಯಾದ ರಾಯಲ್ ಸೊಸೈಟಿಯ ವರದಿಯ ನಂತರ ಆ ದಾರಿಯಲ್ಲಿ ಬಹಳ ಕೆಲಸ ನಡೆಯಿತು. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ವಿಕಿರಣ ಇಂಗ್ಲೆಂಡಿನ ಕಂಬ್ರಿಯಾದ ಬೆಟ್ಟಗಳ ಮೇಲೆ ಮಳೆಯಾಗಿ ಸುರಿದಾಗ, ಅಲ್ಲಿನ ಕುರಿಗಾರರಿಗೂ ವಿಜ್ಞಾನಿಗಳಿಗೂ ನಡುವೆ ಆದದ್ದನ್ನು ಸಮಾಜಶಾಸ್ತ್ರಜ್ಞ ಬ್ರಯನ್ ವಿನ್ ಅಧ್ಯಯನ ಮಾಡಿದರು. ತಮ್ಮ ಮಣ್ಣು, ಮೇವು, ಕುರಿಗಳ ಓಡಾಟದ ಬಗ್ಗೆ ಕುರಿಗಾರರಿಗೆ ಗೊತ್ತಿದ್ದದ್ದನ್ನು ತಜ್ಞರು ಕೇಳಿಯೇ ಇರಲಿಲ್ಲ. ಇದೆಲ್ಲ ಪಠ್ಯದಲ್ಲಿ ಒಂದು ಪುಟವಾಗಿ ಮೊದಲೇ ಇತ್ತು. ಓಣಿಯ ಆ ಪ್ರಶ್ನೆಯ ನಂತರ ಆ ಪುಟವನ್ನು ಯಾರೂ ಕಂಠಪಾಠ ಮಾಡಬೇಕಾಗಲಿಲ್ಲ.

ಕರಪತ್ರ ಬದಲಾಯಿತು. ನೀರು ಚೆಲ್ಲಿ ಎನ್ನುವ ಬದಲು, ಡ್ರಮ್ಮಿನ ಬಾಯಿಗೆ ಹಳೆಯ ಸೀರೆಯನ್ನು ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿ ಎಂದಾಯಿತು. ಹೊಸ ನೀರು ತುಂಬುವ ಮೊದಲು ಒಳಗೋಡೆಯನ್ನು ತಿಕ್ಕಿ ತೊಳೆಯಿರಿ ಎಂಬುದು ಸೇರಿತು, ಏಕೆಂದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಮಟ್ಟಕ್ಕೆ ತುಸು ಮೇಲಿನ ಗೋಡೆಗೆ. ಒಣಗಿದರೂ ಅವು ತಿಂಗಳುಗಟ್ಟಲೆ ಬದುಕಿರುತ್ತವೆ. ಬರೀ ಚೆಲ್ಲಿದ್ದರೂ ಸೊಳ್ಳೆ ಹೋಗುತ್ತಿರಲಿಲ್ಲ ಎಂಬುದು ಅವರಿಗೆ ತಿಳಿದದ್ದು ಮನೆಯಾಕೆಯ ಪ್ರಶ್ನೆಗೆ ಉತ್ತರ ಹುಡುಕುವಾಗ. ದೊಡ್ಡ ತೊಟ್ಟಿಗಳಿಗೆ ಲಾರ್ವಾ ತಿನ್ನುವ ಮೀನು ಬಿಡುವ ಸಲಹೆ ಆಶಾ ಕಾರ್ಯಕರ್ತೆಯದು.

ಇನ್ನು ಎಲೆರಸದ ಸಾಲು. ತೆಗೆದುಹಾಕೋಣ ಎಂದು ಬಹುಮತವಿತ್ತು. ಅಡ್ಡ ಬಂದವಳು ಆಳಂದದ ಹುಡುಗಿ, ಈ ಬಾರಿ ಬೇರೆ ಕಾರಣಕ್ಕೆ. ಅವರು ಹೋದ ಮನೆಗಳಲ್ಲೆಲ್ಲ ಜನರಾಗಿಯೇ ಆ ಮಾತು ತೆಗೆದಿದ್ದರು. ಕರಪತ್ರ ಸುಮ್ಮನಿದ್ದರೆ ಜನ ಸುಮ್ಮನಿರುವುದಿಲ್ಲ ಎಂದಳು. ಬಹಳ ತಿದ್ದಿದ ಮೇಲೆ ನಿಂತದ್ದು ಹೀಗೆ: ‘ಪಪ್ಪಾಯಿ ಎಲೆಯ ರಸದಿಂದ ಪ್ರಾಣಾಪಾಯ ತಪ್ಪುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ರಸವನ್ನು ನಂಬಿ ಆಸ್ಪತ್ರೆಗೆ ಹೋಗುವುದನ್ನು ತಡ ಮಾಡಬೇಡಿ. ವಾಂತಿಯಾಗುತ್ತಿರುವವರಿಗೆ, ಮಕ್ಕಳಿಗೆ ಒತ್ತಾಯದಿಂದ ಕುಡಿಸಬೇಡಿ. ಜ್ವರ ಬಿಟ್ಟ ದಿನ ನಿಶ್ಚಿಂತರಾಗಬೇಡಿ; ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ತೀರಾ ಸುಸ್ತು, ಮೂತ್ರ ಕಡಿಮೆಯಾಗುವುದು ಕಂಡರೆ ಕೂಡಲೇ ಹೋಗಿ.’ ವಾಂತಿಯ ಮಾತು ಸೇರಿಸಿದ್ದು ಜಾಣತನ. ಬಿಡದ ವಾಂತಿ ಅಪಾಯದ ಸೂಚನೆ. ಕಹಿ ರಸದಿಂದಲೇ ವಾಂತಿ ಬಂದರೆ ಆ ಸೂಚನೆ ಗೊಂದಲಕ್ಕೆ ಸಿಲುಕುತ್ತದೆ. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಮಾತ್ರ ಎಂಬುದೂ ಸೇರಿತು.

ಸೊನ್ನೆ ಕೊಡಬೇಕೆಂದಿದ್ದ ಸಹೋದ್ಯೋಗಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಕುಡಿಯಬೇಡಿ ಎಂದು ಸ್ಪಷ್ಟವಾಗಿ ಹೇಳದೆ ಬಿಟ್ಟದ್ದು ಹಿಂಬಾಗಿಲಿನಿಂದ ಅನುಮತಿ ಕೊಟ್ಟಂತೆ ಎಂದರು. ಹಾನಿಯ ಪುರಾವೆ ಇಲ್ಲದೆ ಬೇಡ ಎನ್ನುವುದೂ ಪುರಾವೆ ಮೀರಿದ ಮಾತೇ ಎಂದು ವಿದ್ಯಾರ್ಥಿಗಳು ಉತ್ತರಿಸಿದರು. ನಾನು ವಿದ್ಯಾರ್ಥಿಗಳ ಕಡೆ. ಅವರು ಇನ್ನೂ ಒಪ್ಪಿಲ್ಲ.

ಏನು ಉಳಿಯಿತು

ಎಲ್ಲರೂ ಬದಲಾದರು ಎಂದು ಬರೆದರೆ ಅದು ಮಾವನ ಪ್ಲೇಟ್‌ಲೆಟ್ ಕಥೆಯೇ ಆಗುತ್ತದೆ. ಈ ತರಗತಿಗೆ ಹೋಲಿಸಿ ನೋಡಲು ಇನ್ನೊಂದು ತರಗತಿ ನಮ್ಮಲ್ಲಿರಲಿಲ್ಲ. ಕಲಿಸಿದವರೇ ಅಳೆದವರೂ ಆಗಿದ್ದರು. ಓದಿನ ಮೂರನೆಯ ವರ್ಷದಲ್ಲಿ ಮಕ್ಕಳು ತಾವಾಗಿಯೇ ಒಂದಷ್ಟು ಪ್ರಬುದ್ಧರಾಗುತ್ತಾರೆ. ಹಾಗಾಗಿ ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಶಹಾಪುರದ ಹುಡುಗನೊಬ್ಬ ‘ಜೊತೆಗೆ ಆದದ್ದೆಲ್ಲ ಕಾರಣವಲ್ಲ’ ಎಂಬ ಮಾತನ್ನು ಮಂತ್ರದಂತೆ ಹಿಡಿದುಕೊಂಡ. ಲಸಿಕೆಯ ಅಂಕಿಅಂಶವಾಗಲಿ, ತಂಬಾಕು ಮತ್ತು ಕ್ಯಾನ್ಸರ್ ಸಂಬಂಧವಾಗಲಿ, ಯಾವುದಕ್ಕೂ ಅದನ್ನೇ ಎಸೆಯತೊಡಗಿದ. ಮೊದಲು ಎಲ್ಲವನ್ನೂ ನಂಬುತ್ತಿದ್ದವನು ಈಗ ಏನನ್ನೂ ನಂಬದವನಾದ. ಎರಡಕ್ಕೂ ಬೇಕಾದ ಶ್ರಮ ಒಂದೇ, ಅಂದರೆ ಶೂನ್ಯ. ಅವನಿಗೆ ನಾವು ಕೊಟ್ಟ ಕೆಲಸವೆಂದರೆ ತಂಬಾಕಿನ ವಿಷಯದಲ್ಲಿ ತನ್ನ ಮನಸ್ಸನ್ನು ಬದಲಿಸಬಲ್ಲ ಪುರಾವೆ ಯಾವುದು ಎಂದು ಮೊದಲೇ ಬರೆದಿಟ್ಟು, ಆಮೇಲೆ ಹುಡುಕುವುದು. ಅರ್ಧ ಮಾಡಿದ. ಅನುಮಾನವನ್ನು ಕಲಿಸುವವರು ಅನುಮಾನ ಎಲ್ಲಿ ನಿಲ್ಲಬೇಕು ಎಂಬುದನ್ನೂ ಅದೇ ವಾರ ಕಲಿಸುವುದು ಒಳ್ಳೆಯದು. ಮುಂದೂಡಿದರೆ ಇಂಥವರು ಹುಟ್ಟುತ್ತಾರೆ.

ಸೇಡಂ ಕಡೆಯ ಇನ್ನೊಬ್ಬ ವಿದ್ಯಾರ್ಥಿನಿ ತರಬೇತಿಗೆಂದು ಖಾಸಗಿ ಪ್ರಯೋಗಾಲಯವೊಂದಕ್ಕೆ ಹೋಗಿದ್ದಳು. ಜ್ವರವೇ ಇಲ್ಲದ ಒಬ್ಬರ ವರದಿಯಲ್ಲಿ ಪ್ಲೇಟ್‌ಲೆಟ್ ತೀರಾ ಕಡಿಮೆ ಬಂದದ್ದನ್ನು ಕಂಡು ಲೇಪ ಮಾಡಿ ನೋಡಿದಳು, ಮುದ್ದೆಗಳು ಸಿಕ್ಕವು. ಸಿಟ್ರೇಟ್ ಕೊಳವೆಯಲ್ಲಿ ಮತ್ತೆ ತೆಗೆದಾಗ ಸಂಖ್ಯೆ ಸರಿಯಾಗಿತ್ತು. ಅವಳಿಗೆ ಸಿಕ್ಕ ಪ್ರತಿಕ್ರಿಯೆ, ‘ಯಂತ್ರ ಕೊಟ್ಟದ್ದನ್ನು ಬರೆ, ಸಮಯ ಹಾಳು ಮಾಡಬೇಡ’ ಎಂಬುದು. ನಮ್ಮ ಪಾಠದಲ್ಲಿ ಇಲ್ಲದಿದ್ದ ಭಾಗ ಇದು. ಅನುಮಾನ ಸರಿಯಿದ್ದಾಗ ಅದನ್ನು ಮೇಲಿನವರಿಗೆ ಹೇಗೆ ತಿಳಿಸಬೇಕು, ಯಾವ ಮಾತಿನಲ್ಲಿ, ಯಾರ ಮೂಲಕ? ಓಣಿಯ ಮನೆಯಾಕೆಗೆ ಹೇಳುವುದನ್ನು ಮಾತ್ರ ನಾವು ಸಂವಹನ ಎಂದುಕೊಂಡಿದ್ದೆವು. ಮರುವರ್ಷದಿಂದ, ಹಿರಿಯ ತಂತ್ರಜ್ಞರನ್ನೇ ಕೂರಿಸಿಕೊಂಡು, ಸಂದೇಹಾಸ್ಪದ ವರದಿಯನ್ನು ವೈದ್ಯರಿಗೆ ಫೋನಿನಲ್ಲಿ ಎರಡು ನಿಮಿಷದೊಳಗೆ ವಿವರಿಸುವ ಅಭ್ಯಾಸ ಸೇರಿಸಿದ್ದೇವೆ. ತಂತ್ರಜ್ಞರು ಸಿಡುಕಿನ ವೈದ್ಯರ ಪಾತ್ರವನ್ನು ಬಹಳ ಉತ್ಸಾಹದಿಂದ ಮಾಡುತ್ತಾರೆ.

ಪಾಠದ ಕ್ರಮವೂ ತಿರುಗಿದೆ. ಈಗ ಯಂತ್ರದಿಂದ ಆರಂಭ, ನಂತರ ರೋಗದ ಸಹಜ ಗತಿ, ಆಮೇಲೆ ಹೋಲಿಕೆಯ ಗುಂಪು, ಅದಾದ ಮೇಲೆ ಏನನ್ನು ಅಳೆದರು ಎಂಬ ಪ್ರಶ್ನೆ. ಗ್ರಹಣದ ಪ್ರಕರಣ ಕೊನೆಗೆ ಬರುತ್ತದೆ. ಆಗ ಅದರ ಪ್ರಶ್ನೆಯೂ ಬೇರೆ: ಆ ತಾಯಂದಿರು ಮಕ್ಕಳಿಗಾಗಿ ಅದಕ್ಕೆ ಮೊದಲು ಯಾವ ಯಾವ ಬಾಗಿಲು ತಟ್ಟಿರಬಹುದು, ಅಲ್ಲಿ ಅವರಿಗೆ ಯಾರು ಏನು ಹೇಳಿರಬಹುದು? ಈ ಪ್ರಶ್ನೆಗೆ ಪುಟ ತುಂಬುವಂತೆ ಬರೆಯುವವರು ಕಡಿಮೆ.

ಬದಲಾಗದೇ ಉಳಿದಿರುವುದು ಪ್ರಶ್ನೆಪತ್ರಿಕೆ. ‘ವಿಮರ್ಶಾತ್ಮಕ ಚಿಂತನೆಯ ಲಕ್ಷಣಗಳನ್ನು ಪಟ್ಟಿ ಮಾಡಿ’ ಎಂಬ ಪ್ರಶ್ನೆ ವರ್ಷಾಂತ್ಯದ ಪರೀಕ್ಷೆಯಲ್ಲಿ ಈಗಲೂ ಬರುತ್ತದೆ, ಮಕ್ಕಳು ಪಟ್ಟಿ ಮಾಡುತ್ತಾರೆ, ಆಳಂದದ ಹುಡುಗಿಯೂ ಮಾಡಿದಳು. ಅದರ ಬದಲು ಒಂದು ಅಪರಿಚಿತ ಲ್ಯಾಬ್ ವರದಿಯನ್ನೂ ಅದನ್ನು ಆಧರಿಸಿದ ಒಂದು ಪತ್ರಿಕಾ ಸುದ್ದಿಯನ್ನೂ ಕೊಟ್ಟು ಪ್ರಶ್ನೆ ಕೇಳಬೇಕೆಂದು ವಿಭಾಗ ಬರೆದುಕೊಂಡಿದೆ. ಮೌಲ್ಯಮಾಪಕರೆಲ್ಲ ಒಂದೇ ರೀತಿ ಅಂಕ ಕೊಡುವುದು ಕಷ್ಟವಾಗುತ್ತದೆ ಎಂಬ ಆಕ್ಷೇಪ ಬಂದಿದೆ. ಆಕ್ಷೇಪ ನ್ಯಾಯವಾದದ್ದೇ; ಅದೇ ಉತ್ತರಪತ್ರಿಕೆಗಳನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಿ ವ್ಯತ್ಯಾಸ ಎಷ್ಟು ಬರುತ್ತದೆಂದು ನೋಡುವ ಕೆಲಸವನ್ನು ಈಗ ಆಂತರಿಕ ಪರೀಕ್ಷೆಯಲ್ಲಿ ಶುರು ಮಾಡಿದ್ದೇವೆ.